ಹಿಮವಿಲ್ಲದ ದಿನ ‘ಹಿಮವಿಲ್ಲ’ ಎನ್ನಿ: ಜಮ್ಮು ಮತ್ತು ಕಾಶ್ಮೀರದ ಮುಖ್ಯಮಂತ್ರಿಗೆ ಬಹಿರಂಗ ಪತ್ರ

ಮಾನ್ಯ ಶ್ರೀ ಒಮರ್ ಅಬ್ದುಲ್ಲಾ ಅವರಿಗೆ,



2024ರ ಜನವರಿಯಲ್ಲಿ ನೀವು ಹಿಂದಿನ ವರ್ಷಗಳ, ಹಿಮ ಹೊದ್ದ ಗುಲ್‌ಮರ್ಗ್‌ನ ಚಿತ್ರಗಳನ್ನು ಜಾಲತಾಣದಲ್ಲಿ ಹಾಕಿದ್ದಿರಿ. ಚಳಿಗಾಲದಲ್ಲಿ ಗುಲ್‌ಮರ್ಗ್ ಇಷ್ಟು ಒಣಗಿದ್ದನ್ನು ತಾವು ಕಂಡೇ ಇಲ್ಲ, ಬೇಗ ಹಿಮ ಬೀಳದಿದ್ದರೆ ಬೇಸಿಗೆ ಕಷ್ಟವಾಗುತ್ತದೆ ಎಂಬ ಅರ್ಥದ ಮಾತನ್ನೂ ಬರೆದಿದ್ದಿರಿ. ಆಗ ನೀವು ಅಧಿಕಾರದಲ್ಲಿರಲಿಲ್ಲ. ಅಂದು ಒಬ್ಬ ನಾಗರಿಕರಾಗಿ ನೀವು ಒಮ್ಮೆ ಹೇಳಿದ ನಿಜವನ್ನು ಇಂದು ನಿಮ್ಮ ಸರ್ಕಾರ ಚಳಿಗಾಲದುದ್ದಕ್ಕೂ ದಿನಾ ಬೆಳಿಗ್ಗೆ ಹೇಳಲಿ. ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಅಷ್ಟೇ.

ಪತ್ರ ಕನ್ನಡದಲ್ಲಿದೆ. ನಿಮಗೆ ಓದಿ ಹೇಳುವವರು ಸಿಕ್ಕೇ ಸಿಗುತ್ತಾರೆ. ಇದು ನಮ್ಮವರ ಕಣ್ಣಿಗೂ ಬೀಳಲಿ ಎಂಬುದು ನನ್ನ ಆಸೆ, ಏಕೆಂದರೆ ದೂರಿನ ಒಂದು ಪಾಲು ನಮ್ಮ ಮೇಲೂ ಇದೆ.

ಗುಲ್‌ಮರ್ಗ್ ಬಗ್ಗೆ ನಿಮಗೆ ಹೇಳಿಕೊಡುವಷ್ಟು ದೊಡ್ಡವನು ನಾನಲ್ಲ. ನೀವು ಸ್ವತಃ ಸ್ಕೀ ಕಟ್ಟಿಕೊಂಡು ಅಪರ್ವತ್ ಬೆಟ್ಟ ಇಳಿಯುವವರು. ನಿಮ್ಮ ಅಜ್ಜಿ ಅಕ್ಬರ್ ಜೆಹಾನ್ ಅವರು ನೆಡೂ ಮನೆತನದವರು, ಆ ಮನೆತನ 1888ರಲ್ಲಿಯೇ ಗುಲ್‌ಮರ್ಗ್‌ನಲ್ಲಿ ಹೋಟೆಲು ತೆರೆದಿತ್ತು. ಎತ್ತರದ ಹುಲ್ಲುಗಾವಲಿನಲ್ಲಿ ಮರದ ಕೊಠಡಿ ಕಟ್ಟಿ, ಬುಖಾರಿ ಒಲೆ ಹಚ್ಚಿ, ದೂರದಿಂದ ಬಂದವರನ್ನು ಬೆಚ್ಚಗೆ ಮಲಗಿಸುವ ಕಸುಬು ನಿಮ್ಮ ಮನೆಯವರಿಗೆ ಪರಂಪರೆಯಿಂದ ಬಂದದ್ದು. ಆ ಕಸುಬಿನಲ್ಲಿ ಅತಿಥಿಗೆ ಸುಳ್ಳು ಹೇಳಬಾರದೆಂಬ ನಿಯಮವೂ ಇದ್ದಿರಬೇಕು. ಈಗ ಆ ನಿಯಮ ಸಡಿಲವಾಗಿದೆ.

ಹೇಗೆಂದರೆ, ಬೆಂಗಳೂರಿನಲ್ಲಿ ದೀಪಾವಳಿ ಮುಗಿಯುತ್ತಿದ್ದಂತೆ ಕಾಶ್ಮೀರದ ಪ್ಯಾಕೇಜುಗಳ ಜಾಹೀರಾತು ಶುರುವಾಗುತ್ತದೆ. ಕ್ರಿಸ್‌ಮಸ್ ರಜೆ, ಸಂಕ್ರಾಂತಿಯ ವಾರ, ಐದು ರಾತ್ರಿ ಆರು ಹಗಲು, ಹಿಮ ಖಾತರಿ. ಖಾತರಿ ಕೊಡುವವರು ಯಾರು, ಯಾವ ಆಧಾರದ ಮೇಲೆ ಎಂದು ಕೇಳುವವರಿಲ್ಲ. ಅಂಥದ್ದೊಂದು ಒಣ ಜನವರಿಯಲ್ಲಿ ನಾವೂ ಬಂದಿದ್ದೆವು. ಹೊರಡುವ ಮುನ್ನ ಹೋಟೆಲಿಗೆ ಫೋನ್ ಮಾಡಿದರೆ ‘ಮೇಲೆ ಇದೆ ಸರ್, ಬನ್ನಿ’ ಎಂದರು. ಮೇಲೆ ಎಂದರೆ ಎಷ್ಟು ಮೇಲೆ ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ತಂಗ್‌ಮರ್ಗ್‌ನಲ್ಲಿ ಗಾಡಿ ನಿಂತದ್ದೇ ತಡ, ಗಮ್‌ಬೂಟು ಮತ್ತು ಉದ್ದನೆಯ ಕೋಟು ಬಾಡಿಗೆಗೆ ತಗೊಳ್ಳಲೇಬೇಕು ಎಂಬ ಒತ್ತಾಯ. ಅಲ್ಲಿಂದ ಹದಿಮೂರು ಕಿಲೋಮೀಟರ್ ಏರಿ ಬಂದರೆ ಕಂದು ಹುಲ್ಲಿನ ಬಯಲು. ಆ ಹುಲ್ಲಿನ ಮೇಲೆ, ಅಲ್ಲಲ್ಲಿ ಗಟ್ಟಿಯಾಗಿ ಉಳಿದ ಹಳೆಯ ಮಂಜಿನ ತೇಪೆಗಳನ್ನು ಹುಡುಕಿಕೊಂಡು, ಸ್ಲೆಡ್ಜಿನವರು ನಮ್ಮ ಜನರನ್ನು ಎಳೆಯುತ್ತಿದ್ದರು. ಮರದ ಹಲಗೆ ಕಲ್ಲಿಗೆ ಉಜ್ಜುವ ಸದ್ದು ಕೇಳುತ್ತಿತ್ತು.

ಸ್ಲೆಡ್ಜಿನವರ ಮೇಲೆ ನನಗೆ ಸಿಟ್ಟಿಲ್ಲ. ಚಳಿಗಾಲದ ಕೆಲವು ವಾರಗಳ ಸಂಪಾದನೆಯ ಮೇಲೆ ವರ್ಷ ತಳ್ಳುವವರು ಅವರು. ಕುದುರೆಯವರು, ಗೈಡುಗಳು, ಸ್ಕೀ ಬಾಡಿಗೆ ಕೊಡುವವರು, ಟೈರಿಗೆ ಚೈನು ಕಟ್ಟಿ ಗಾಡಿ ಓಡಿಸುವವರು, ಕಹ್ವಾ ಚಹಾ ಮಾರುವ ಹುಡುಗರು, ಇವರೆಲ್ಲ ತಂಗ್‌ಮರ್ಗ್ ಮತ್ತು ಸುತ್ತಲಿನ ಹಳ್ಳಿಗಳವರು. ಹಿಮವಿಲ್ಲ ಎಂದು ನಿಜ ಹೇಳಿದರೆ ಅಂದಿನ ಕೂಲಿ ಹೋಯಿತು. ನಿಜ ಹೇಳಿದವನು ಹಸಿಯುವಂತಿದ್ದರೆ ನಿಜ ಹೇಳುವವರು ಯಾರು? ಅದಕ್ಕೇ ಈ ಮಾತನ್ನು ಅವರಿಗೆ ಹೇಳದೆ ನಿಮಗೆ ಬರೆಯುತ್ತಿದ್ದೇನೆ.

ಪ್ರವಾಸಿಗರಿಗೆ ಬೇಸರವಾಯಿತು ಎಂಬಲ್ಲಿಗೆ ಇದು ಮುಗಿಯುವುದಿಲ್ಲ. ಒಣ ಚಳಿಗಾಲಕ್ಕೂ ಹಿಮಕುಸಿತಕ್ಕೂ ನಂಟಿದೆ, ನಮ್ಮ ಕಡೆಯಿಂದ ಬರುವವರಿಗೆ ಇದರ ಅರಿವೇ ಇಲ್ಲ. ಕಾಶ್ಮೀರಕ್ಕೆ ಹಿಮ ತರುವುದು ಪಶ್ಚಿಮದಿಂದ, ಮೆಡಿಟರೇನಿಯನ್ ಕಡೆಯಿಂದ ಬರುವ ಮಾರುತಗಳು. ಅವು ತಡವಾದರೆ ಡಿಸೆಂಬರಿನಲ್ಲಿ ಬಿದ್ದ ತೆಳ್ಳನೆಯ ಹಿಮ ವಾರಗಟ್ಟಲೆ ಚಳಿಯಲ್ಲಿ ಹಾಗೆಯೇ ಕೂರುತ್ತದೆ. ನೆಲ ಬೆಚ್ಚಗೆ, ಮೇಲಿನ ಗಾಳಿ ಕೊರೆಯುವಷ್ಟು ತಣ್ಣಗೆ. ಈ ಎರಡರ ನಡುವೆ ಸಿಕ್ಕಿದ ಹಿಮದ ಕಣಗಳು ಒಂದಕ್ಕೊಂದು ಅಂಟಿಕೊಳ್ಳದೆ ಸಕ್ಕರೆಯ ಹರಳಿನಂತೆ ಬಿಡಿಬಿಡಿಯಾಗುತ್ತವೆ. ಆಮೇಲೆ ಒಮ್ಮೆಲೇ ಅಡಿಗಟ್ಟಲೆ ಹೊಸ ಹಿಮ ಅದರ ಮೇಲೆ ಕೂತರೆ, ತಳದ ಪದರಕ್ಕೆ ಅದನ್ನು ಹೊರುವ ಶಕ್ತಿ ಇರುವುದಿಲ್ಲ. ಒಬ್ಬ ಸ್ಕೀಗಾರನ ಭಾರ ಸಾಕು, ಇಡೀ ಇಳಿಜಾರು ಹಲಗೆಯಂತೆ ಕಿತ್ತು ಬರಲು.

2024ರಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. ಜನವರಿ ಬಹುಪಾಲು ಒಣಗಿಹೋಯಿತು. ತಿಂಗಳ ಕೊನೆಯಿಂದ ಹಿಮ ಶುರುವಾಗಿ ಫೆಬ್ರವರಿಯಲ್ಲಿ ಭರ್ತಿ ಸುರಿಯಿತು. ಎಲ್ಲರಿಗೂ ಸಂಭ್ರಮ, ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವೂ ಫೆಬ್ರವರಿ 21ಕ್ಕೆ ಆರಂಭವಾಯಿತು. ಮರುದಿನವೇ, 22ರಂದು, ಮೇಲಿನ ಇಳಿಜಾರಿನಲ್ಲಿ ಹಿಮ ಕುಸಿದು ರಷ್ಯಾದ ಒಬ್ಬ ಸ್ಕೀಗಾರ ಸತ್ತರು, ಜೊತೆಗಿದ್ದವರನ್ನು ಹೊರಗೆಳೆದು ಉಳಿಸಲಾಯಿತು. ಅದರ ಹಿಂದಿನ ವರ್ಷ, 2023ರ ಫೆಬ್ರವರಿ 1ರಂದು, ಅಪರ್ವತ್‌ನ ಹಪತ್‌ಖುಡ್‌ನಲ್ಲಿ ಪೋಲೆಂಡಿನ ಇಬ್ಬರು ಸತ್ತಿದ್ದರು. 2010ರ ಫೆಬ್ರವರಿಯಲ್ಲಿ ಖಿಲನ್‌ಮರ್ಗ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿದವರು ಸೇನೆಯ ಎತ್ತರ ಪ್ರದೇಶದ ಯುದ್ಧಶಾಲೆಯ ಸೈನಿಕರು, ಆ ಒಂದೇ ದಿನ ಹದಿನೇಳು ಮಂದಿ ಸತ್ತರು. ಹಿಮದಲ್ಲಿ ಬದುಕುವುದನ್ನೇ ಕಲಿಯುತ್ತಿದ್ದವರ ಗತಿಯೇ ಹೀಗಾದರೆ, ಜಯನಗರದಿಂದ ಬಂದು ಬಾಡಿಗೆ ಕೋಟಿನಲ್ಲಿ ನಿಂತವರ ಪಾಡೇನು?

ಹಿಮಕುಸಿತದ ಮುನ್ಸೂಚನೆ ನಿಮ್ಮಲ್ಲಿ ಇಲ್ಲದೇ ಇಲ್ಲ. ಚಂಡೀಗಡದಲ್ಲಿರುವ ಡಿಆರ್‌ಡಿಒದ ಸಂಸ್ಥೆ ಅದನ್ನು ತಯಾರಿಸುತ್ತದೆ. ಶ್ರೀನಗರದಲ್ಲಿ ಹವಾಮಾನ ಕೇಂದ್ರವಿದೆ. ಗುಲ್‌ಮರ್ಗ್‌ನಲ್ಲೇ ಸ್ಕೀ ಗಸ್ತಿನವರಿದ್ದಾರೆ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮೇಲೆ ಹೋಗಿ ಹಿಮ ಪರೀಕ್ಷಿಸುವವರು. ಆ ಮಾಹಿತಿ ವಿದೇಶಿ ಸ್ಕೀಗಾರರಿಗೆ ಹೇಗೋ ಮುಟ್ಟುತ್ತದೆ, ಅವರಿಗೆ ಎಲ್ಲಿ ಹುಡುಕಬೇಕೆಂದು ಗೊತ್ತು. ಬೀದರಿನಿಂದ, ಹಾಸನದಿಂದ ಬಂದ ಕುಟುಂಬಕ್ಕೆ ಗೊತ್ತಿಲ್ಲ. ಅವರಿಗೆ ಸುದ್ದಿ ಹೇಳುವವನು ಡ್ರೈವರು, ಡ್ರೈವರಿಗೆ ಹೇಳುವವನು ಏಜೆಂಟು.

ನಮ್ಮ ಊರಿನ ಒಂದು ಪದ್ಧತಿ ಹೇಳುತ್ತೇನೆ. ಮಳೆಗಾಲ ಬಂತೆಂದರೆ ಕರ್ನಾಟಕದ ಪತ್ರಿಕೆಗಳಲ್ಲಿ ದಿನಾ ಒಂದು ಪುಟ್ಟ ಚೌಕಟ್ಟು ಇರುತ್ತದೆ: ಕೆಆರ್‌ಎಸ್‌, ಕಬಿನಿ, ಲಿಂಗನಮಕ್ಕಿ, ತುಂಗಭದ್ರಾ. ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಕೆಆರ್‌ಎಸ್‌ ತುಂಬಲು 124.80 ಅಡಿ ಬೇಕೆಂಬುದು ಮಂಡ್ಯದ ಶಾಲೆ ಮಕ್ಕಳಿಗೂ ಗೊತ್ತು. ಬರಗಾಲದಲ್ಲಿ ಆ ಅಂಕಿ ಕೆಳಗಿಳಿಯುತ್ತಾ ಹೋದರೂ ಯಾರೂ ಅದನ್ನು ಮುಚ್ಚಿಡುವುದಿಲ್ಲ. ಜೋಗಕ್ಕೆ ಹೊರಟವರೂ ಅದನ್ನು ನೋಡಿಕೊಂಡೇ ಹೊರಡುತ್ತಾರೆ. ಗುಲ್‌ಮರ್ಗ್‌ಗೆ ಬೇಕಾದದ್ದು ಇಂಥದ್ದೇ ಒಂದು ಚೌಕಟ್ಟು, ಫಲಕದ ಮೇಲೆ ಬರೆದದ್ದು. ಬಯಲಿನಲ್ಲಿ ಹಿಮ ಎಷ್ಟು ಸೆಂಟಿಮೀಟರ್, ಕೇಬಲ್ ಕಾರು ಗೊಂಡೋಲಾದ ಮೊದಲ ಹಂತ ಕೊಂಗ್‌ಡೂರಿಯಲ್ಲಿ ಎಷ್ಟು, ಎರಡನೇ ಹಂತ ಅಪರ್ವತ್‌ನಲ್ಲಿ ಎಷ್ಟು. ಹಿಮಕುಸಿತದ ಅಪಾಯ ಐದರಲ್ಲಿ ಎಷ್ಟನೇ ಮಟ್ಟ. ಎರಡನೇ ಹಂತ ಇಂದು ತೆರೆದಿದೆಯೋ, ಗಾಳಿಗೆ ಮುಚ್ಚಿದೆಯೋ. ಬಯಲಿನಲ್ಲಿ ಸೊನ್ನೆಯಿದ್ದರೆ ಸೊನ್ನೆ ಎಂದೇ ಬರೆಯಬೇಕು. ಕಾಶ್ಮೀರಿ, ಉರ್ದು, ಹಿಂದಿ, ಇಂಗ್ಲಿಷ್ ಸಾಕು, ಕನ್ನಡ ಬೇಕೆಂದು ನಾನು ಹಟ ಮಾಡುವುದಿಲ್ಲ. ಅಂಕಿಗಳನ್ನು ನಮ್ಮವರು ಓದಿಕೊಳ್ಳುತ್ತಾರೆ.

ಗೊಂಡೋಲಾ ವಿಚಾರದಲ್ಲಿ ಒಂದು ಮಾತು. ಮೊದಲ ಹಂತ 1998ರಲ್ಲಿ ಬಂತು, 3,900 ಮೀಟರ್‌ಗೂ ಮೇಲಕ್ಕೆ ಒಯ್ಯುವ ಎರಡನೆಯದು 2005ರಲ್ಲಿ. ಗುಲ್‌ಮರ್ಗ್ ಜಗತ್ತಿನ ಸ್ಕೀಗಾರರ ಭೂಪಟಕ್ಕೆ ಸೇರಿದ್ದು ಆ ಎರಡನೇ ಹಂತದಿಂದಲೇ. ಗಾಳಿ ಜೋರಾದಾಗ ಅದನ್ನು ನಿಲ್ಲಿಸಿದರೆ ನಮ್ಮವರು ಟಿಕೆಟ್ ಕೌಂಟರಿನಲ್ಲಿ ಜಗಳ ತೆಗೆಯುತ್ತಾರೆ, ನಾನೇ ನೋಡಿದ್ದೇನೆ. 2017ರ ಜೂನ್ 25ರಂದು ಬಿರುಗಾಳಿಗೆ ಮರವೊಂದು ಕೇಬಲ್ಲಿನ ಮೇಲೆ ಬಿದ್ದು, ತೊಟ್ಟಿಲು ಕೆಳಗುರುಳಿ ಏಳು ಜನ ಸತ್ತರು. ದಿಲ್ಲಿಯಿಂದ ಬಂದಿದ್ದ ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಸ್ಥಳೀಯರು ಮೂವರು. ಜಗಳವಾಡುವವರಿಗೆ ಇದು ಗೊತ್ತಿದ್ದರೆ ಸ್ವಲ್ಪ ಸುಮ್ಮನಾದಾರು. ಗಾಳಿಯ ವೇಗವನ್ನೂ ಫಲಕದಲ್ಲಿ ಬರೆಸಿ.

ಹಿಮ ಕೈಕೊಟ್ಟರೆ ಯಂತ್ರದಿಂದ ಹಿಮ ಮಾಡೋಣ ಎಂಬ ಸಲಹೆ ನಿಮ್ಮ ಮೇಜಿಗೆ ಬಂದೇ ಬರುತ್ತದೆ. ದಯವಿಟ್ಟು ಅವಸರ ಪಡಬೇಡಿ. 2022ರ ಬೀಜಿಂಗ್ ಒಲಿಂಪಿಕ್ಸ್ ಬಹುಪಾಲು ಯಂತ್ರದ ಹಿಮದ ಮೇಲೆಯೇ ನಡೆಯಿತು ನಿಜ. ಆದರೆ ಆ ಯಂತ್ರಕ್ಕೂ ಚಳಿ ಬೇಕು, ಒಣ ಗಾಳಿ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನೀರು ಬೇಕು. ಹಿಮ ಬೀಳದ ವರ್ಷ ಕಾಶ್ಮೀರದಲ್ಲಿ ನೀರೆಲ್ಲಿದೆ? 2025ರ ಫೆಬ್ರವರಿಯಲ್ಲಿ ಅಚ್ಛಾಬಲ್‌ನ ಮೊಘಲ್ ತೋಟದ ಚಿಲುಮೆ ಒಣಗಿದ ಸುದ್ದಿ ಇಲ್ಲಿಯವರೆಗೂ ಬಂತು. ಸೇಬಿನ ತೋಟದವರು ಝೀಲಂ ನೋಡಿಕೊಂಡು ಕೂತಿರುವಾಗ ಪ್ರವಾಸಿಗರು ಜಾರಲೆಂದು ನೀರನ್ನು ಇಳಿಜಾರಿಗೆ ಚಿಮ್ಮಿಸುವುದು ನಿಮ್ಮ ಜನರಿಗೆ ಸರಿ ಕಾಣಲಾರದು.

ಸ್ಕೀಯಿಂಗ್ ಎಂದರೆ ಪ್ಯಾಕೇಜಿನ ಮೋಜು ಎಂದು ನಾನು ಹಗುರ ಮಾಡುತ್ತಿಲ್ಲ. ಸ್ಕೀ ಕ್ಲಬ್ ಆಫ್ ಇಂಡಿಯಾ ಗುಲ್‌ಮರ್ಗ್‌ನಲ್ಲಿ ಹುಟ್ಟಿದ್ದು 1927ರಲ್ಲಿ, ಬ್ರಿಟಿಷ್ ಸೇನಾಧಿಕಾರಿಗಳ ಕೈಯಲ್ಲಿ. ಇಂದು ಆ ಇಳಿಜಾರು ಸ್ಥಳೀಯ ಮಕ್ಕಳದ್ದು. ತಂಗ್‌ಮರ್ಗ್ ಕಡೆಯ ಆರಿಫ್ ಖಾನ್ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದಾಗ ಇಡೀ ಭಾರತ ತಂಡದಲ್ಲಿದ್ದ ಏಕೈಕ ಆಟಗಾರ. ನಮ್ಮ ಕೊಡಗಿನ ತೆಕ್ಕಡ ಭವಾನಿ, ಹಿಮದ ಒಂದು ಕಣವೂ ಬೀಳದ ನಾಡಿನವಳು, ಕರ್ನಾಟಕಕ್ಕೆ ಸ್ಕೀಯಿಂಗ್‌ನ ಚಿನ್ನ ಗೆದ್ದದ್ದು ನಿಮ್ಮ ಗುಲ್‌ಮರ್ಗ್‌ನಲ್ಲೇ. ಹಿಮ ಸಾಲದೆ 2025ರ ಖೇಲೋ ಇಂಡಿಯಾ ಕೂಟವನ್ನು ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೂಡಿದಿರಿ. ಮುಜುಗರವಾದರೂ ಅದೇ ಸರಿಯಾದ ನಿರ್ಧಾರ. ಆಟಗಾರರಿಗೆ ‘ಈಗ ಹಿಮವಿಲ್ಲ, ಆಮೇಲೆ ಬನ್ನಿ’ ಎಂದು ಹೇಳಬಲ್ಲ ಸರ್ಕಾರಕ್ಕೆ ಪ್ರವಾಸಿಗರಿಗೂ ಅದನ್ನೇ ಹೇಳುವುದು ಯಾಕೆ ಕಷ್ಟ?

ಕಷ್ಟ ಯಾಕೆಂದು ಊಹಿಸಬಲ್ಲೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ಅವರಲ್ಲಿ ಕನ್ನಡಿಗರೂ ಇದ್ದರು. ಆ ನೋವು ಶಿವಮೊಗ್ಗದಲ್ಲೂ ಬೆಂಗಳೂರಿನಲ್ಲೂ ಇನ್ನೂ ಹಸಿಯಾಗಿದೆ. ಅದಾದ ಮೇಲೆ ಕಣಿವೆಯ ಹೋಟೆಲುಗಳು ಖಾಲಿಯಾದವು, ಕುದುರೆಯವರು ಕೈಕಟ್ಟಿ ಕೂತರು. ಅಂಥ ಹೊತ್ತಿನಲ್ಲಿ ಬರಲು ಸಿದ್ಧರಿರುವವರನ್ನೂ ‘ಹಿಮವಿಲ್ಲ’ ಎಂದು ತಡೆಯಲು ಯಾವ ಸರ್ಕಾರಕ್ಕೂ ಮನಸ್ಸಾಗದು. ಆದರೂ ಒಮ್ಮೆ ಮೋಸಹೋದೆ ಎನಿಸಿಕೊಂಡ ಕುಟುಂಬ ಮತ್ತೆ ಬರುವುದಿಲ್ಲ, ಊರಿಗೆ ಹೋಗಿ ಹತ್ತು ಮನೆಗೆ ಹೇಳುತ್ತದೆ. ನಿಜ ತಿಳಿದು ಬಂದವರು ಒಣ ಜನವರಿಯಲ್ಲೂ ಖುಷಿಯಾಗಿಯೇ ಇರುತ್ತಾರೆ. ದೇವದಾರು, ಪೈನ್ ಕಾಡಿನ ನಡಿಗೆಯಿದೆ, 1902ರ ಸೇಂಟ್ ಮೇರಿ ಚರ್ಚಿದೆ, ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ನಂಗಾ ಪರ್ವತ. ಸ್ಲೆಡ್ಜಿನವನೇ ಅವತ್ತು ನಡಿಗೆಯ ಗೈಡ್ ಆಗಬಹುದು. ಆ ದಿನಕ್ಕೂ ಅವನಿಗೆ ಒಂದು ನಿಗದಿತ ದರ ಸರ್ಕಾರವೇ ಗೊತ್ತುಮಾಡಲಿ. ಗೊಂಡೋಲಾ ಟಿಕೆಟ್ಟಿನ ಆದಾಯದಲ್ಲಿ ಒಂದು ಚಿಕ್ಕ ಪಾಲನ್ನು ತೆಗೆದಿಟ್ಟು, ಹಿಮ ಬೀಳದ ವಾರಗಳಲ್ಲಿ ನೋಂದಾಯಿತ ಸ್ಲೆಡ್ಜಿನವರಿಗೆ, ಕುದುರೆಯವರಿಗೆ, ಸ್ಕೀ ಗೈಡುಗಳಿಗೆ ಭತ್ಯೆ ಕೊಡಿ. ಆಮೇಲೆ ಯಾರೂ ಕಲ್ಲಿನ ಮೇಲೆ ಹಲಗೆ ಎಳೆಯಬೇಕಾಗಿಲ್ಲ.

ಹೋಟೆಲುಗಳಿಗೂ ಪ್ಯಾಕೇಜು ಮಾರುವವರಿಗೂ ಒಂದು ಕಟ್ಟಳೆ ಸಾಕು: ಸರ್ಕಾರದ ಅಂಕಿ ಬಿಟ್ಟು ಬೇರೆ ಹಿಮದ ಭರವಸೆ ಕೊಡುವಂತಿಲ್ಲ, ಕೊಟ್ಟರೆ ಹಣ ವಾಪಸು.

ಇನ್ನು ಈ ಪತ್ರ ಓದುತ್ತಿರುವ ಕನ್ನಡಿಗರಿಗೆ. ಸ್ಲೆಡ್ಜಿಗೆ ದರ ಕುದುರಿಸಿ ಕುದುರಿಸಿ ಕೊನೆಗೆ ನೂರು ರೂಪಾಯಿ ಹಿಡಿದುಕೊಳ್ಳುವವರು ನಾವು. ಹಗ್ಗ ಕಟ್ಟಿದ ಗಡಿ ದಾಟಿ ಫೋಟೊಗೆ ನಿಲ್ಲುವವರೂ ನಾವೇ. ಗೈಡ್ ‘ಬೇಡ’ ಎಂದು ಹೇಳಿದರೆ ಹೋಗಬೇಡಿ. ಎರಡನೇ ಹಂತ ಮುಚ್ಚಿದೆ ಎಂದರೆ ಕೌಂಟರಿನವನ ಮೇಲೆ ಕೂಗಾಡಬೇಡಿ.

ಮುಖ್ಯಮಂತ್ರಿಗಳೇ, ನಿಮ್ಮ ಕಡೆ ಚಿಲ್ಲಾಯ್ ಕಲಾನ್‌ನ ಕಡುಚಳಿಯ ನಲವತ್ತು ದಿನ ಶುರುವಾಗುವುದು ಡಿಸೆಂಬರ್ 21ಕ್ಕೆ. ಅದಕ್ಕೆ ಮೊದಲು ತಂಗ್‌ಮರ್ಗ್‌ನಲ್ಲಿ, ಬೂಟು ಬಾಡಿಗೆಗೆ ಕೊಡುವ ಅಂಗಡಿಗಳ ಸಾಲಿಗಿಂತ ಮುಂಚೆ, ಆ ಫಲಕ ನಿಲ್ಲಿಸಿ. ದಿನಾ ಬೆಳಿಗ್ಗೆ ಎಂಟಕ್ಕೆ ಅಂಕಿ ಬದಲಾಗಲಿ.

ಇಂತಿ,
ಗುಲ್‌ಮರ್ಗ್‌ಗೆ ಮತ್ತೆ ಬರಬೇಕೆಂದಿರುವ ಬೆಂಗಳೂರಿನ ಒಬ್ಬ ಪ್ರವಾಸಿ