ರಸ್ತೆ, ಚರಂಡಿ ಮತ್ತು ಇತರ ‘ಸಣ್ಣ’ ವಿಷಯಗಳು

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಜಗಲಿಯಲ್ಲಿ ಕೂತು ಅಪ್ಪಯ್ಯನ ಜೊತೆ ಮತ್ತೆ ಅದೇ ಜಗಳ. ಊರು ಅಂದ್ರೆ ಕರ್ಕಿ. ಹೊನ್ನಾವರದಿಂದ ಕುಮಟಾ ಕಡೆ ಹೊರಟರೆ ಹತ್ತು ನಿಮಿಷದ ದಾರಿ. ಯಕ್ಷಗಾನ ಬಲ್ಲವರಿಗೆ ಹಾಸ್ಯಗಾರ ಮನೆತನದ ಊರು ಅಂದ್ರೆ ಸಾಕು, ಗೊತ್ತಾಗುತ್ತೆ.

ಜಗಳದ ವಿಷಯ ಹೊಸದೇನಲ್ಲ. ಮುಂದಿನ ವಿಧಾನಸಭೆ ಚುನಾವಣೆ ಬರಬೇಕಾಗಿರೋದು 2028ಕ್ಕೆ. ಆದ್ರೆ ನಮ್ಮೂರಲ್ಲಿ ಯಾರಿಗೆ ಟಿಕೆಟ್ಟು ಅನ್ನೋ ಚರ್ಚೆಗೆ ಸೀಸನ್ ಅಂತೇನೂ ಇಲ್ಲ! ಯಾರಿಗೇ ಸಿಗಲಿ, ಅಪ್ಪಯ್ಯನ ವೋಟು ಕಮಲಕ್ಕೇ. ಅದು ಅವರ ಹಕ್ಕು, ನನ್ನ ತಕರಾರಿಲ್ಲ. ನಾನು ಕೇಳಿದ್ದು ಇಷ್ಟೇ: “ಆಸ್ಪತ್ರೆ ಎಲ್ಲಿ ಅಂತ ಅವರನ್ನ ಒಮ್ಮೆಯಾದ್ರೂ ಕೇಳಿದೀರಾ?”

ಅಪ್ಪಯ್ಯ ಕವಳ ಉಗಿದು ಬಂದು ಹೇಳಿದ್ರು: “ತಮಾ, ಆಸ್ಪತ್ರೆ ಯಾರು ಬಂದ್ರೂ ಆಗ್ತಿಲ್ಲೆ. ಹಂಗಿದ್ಮೇಲೆ ಧರ್ಮಕ್ಕಾದ್ರೂ ನಿಂತ್ಕಂಬವಂಗೆ ವೋಟು ಹಾಕಿರೆ ತಪ್ಪೆಂತ?”

ಈ ಮಾತಿಗೆ ನನ್ನ ಹತ್ರ ಥಟ್ಟನೆ ಉತ್ತರ ಇರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ರಾತ್ರಿಯಿಡೀ ಅದನ್ನೇ ಯೋಚಿಸಿದೆ. ಅದಕ್ಕೇ ಈ ಬರಹ.

2023ರ ಜನವರಿಯಲ್ಲಿ ಆಗ ಬಿಜೆಪಿಯ ರಾಜ್ಯಾಧ್ಯಕ್ಷರಾಗಿದ್ದ ನಳಿನ್ ಕುಮಾರ್ ಕಟೀಲ್ ಮಂಗಳೂರಿನಲ್ಲಿ ತಮ್ಮ ಕಾರ್ಯಕರ್ತರಿಗೆ ಒಂದು ಬುದ್ಧಿಮಾತು ಹೇಳಿದ್ದರು, ನೆನಪಿದೆಯಾ? ರಸ್ತೆ, ಚರಂಡಿಯಂಥ ಸಣ್ಣ ವಿಷಯಗಳನ್ನ ಮಾತಾಡಬೇಡಿ, ಲವ್ ಜಿಹಾದ್ ಬಗ್ಗೆ ಮಾತಾಡಿ ಅನ್ನೋ ಅರ್ಥದ ಮಾತು. ಟೀವಿಯಲ್ಲಿ ಎರಡು ದಿನ ಗಲಾಟೆ ಆಯ್ತು, ವಾಟ್ಸಾಪಿನಲ್ಲಿ ಜೋಕು ಓಡಾಡಿದವು. ನನಗೆ ಮಾತ್ರ ಅದು ಜೋಕು ಅನ್ನಿಸಲಿಲ್ಲ. ಕರಾವಳಿಯಲ್ಲಿ ಬಲಪಂಥದ ಅಭ್ಯರ್ಥಿಗಳ ಆದ್ಯತೆಯ ಪಟ್ಟಿ ಯಾವ ಕ್ರಮದಲ್ಲಿದೆ ಅನ್ನೋದನ್ನ ಇಷ್ಟು ಪ್ರಾಮಾಣಿಕವಾಗಿ ಬೇರೆ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಹಾಗಾದ್ರೆ ‘ಸಣ್ಣ’ ವಿಷಯ ಅಂದ್ರೆ ಎಷ್ಟು ಸಣ್ಣದು?

2021ರ ಮಳೆಗಾಲದಲ್ಲಿ ಒಂದು ರಾತ್ರಿ ಅಪ್ಪಯ್ಯ ಊಟ ಮಾಡ್ತಾ ಮಾಡ್ತಾ ಬಟ್ಟಲಿನ ಮೇಲೇ ವಾಲಿದ್ರು. ಮಾತು ತೊದಲಿತು, ಬಲಗೈ ಸೋತಿತು. ಪಾರ್ಶ್ವವಾಯು. ನಾನು ಬೆಂಗಳೂರಲ್ಲಿ ಫೋನು ಹಿಡಿದು ಕೂತಿದ್ದೆ, ಮನೆಯಲ್ಲಿ ಆಯಿ ಒಬ್ಬಳೇ. ಪಕ್ಕದ ಮನೆಯವರು ಬಂದು ಹತ್ತಿರದ ಆಸ್ಪತ್ರೆಗೆ ಕರ್ಕೊಂಡು ಹೋದರು. ಅಲ್ಲಿ ನೋಡಿ, ಇಲ್ಲಿ ಆಗೋ ಕೆಲಸ ಅಲ್ಲ, ಮಣಿಪಾಲಕ್ಕೆ ಹೋಗಿ ಅಂದರು. ಆಂಬುಲೆನ್ಸ್ ಸಿಗೋದಕ್ಕೆ ಒಂದೂವರೆ ತಾಸು. ಆಮೇಲೆ ಸುಮಾರು ನೂರಿಪ್ಪತ್ತು ಕಿಲೋಮೀಟರು, ಮಳೆ, ಅರ್ಧಂಬರ್ಧ ಆದ ಹೆದ್ದಾರಿ. ಇಂಥ ಕೇಸಿನಲ್ಲಿ ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ ಕೊಡೋದಕ್ಕೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಇವರು ತಲುಪುವಾಗ ಐದು ದಾಟಿತ್ತು. ಅಪ್ಪಯ್ಯ ಉಳಿದರು, ಬಲಗೈ ಪೂರ್ತಿ ವಾಪಸ್ ಬರಲಿಲ್ಲ. ಸಹಿ ಮಾಡೋ ಜಾಗದಲ್ಲಿ ಈಗ ಹೆಬ್ಬೆಟ್ಟು.

ನಾವು ಅದೃಷ್ಟವಂತರು ಅಂತಲೇ ಹೇಳಬೇಕು. ಯಾಕಂದ್ರೆ ಮರುವರ್ಷ, 2022ರ ಜುಲೈ 20ರಂದು, ಹೊನ್ನಾವರದಿಂದ ರೋಗಿಯನ್ನ ಉಡುಪಿ ಕಡೆಗೆ ಒಯ್ಯುತ್ತಿದ್ದ ಆಂಬುಲೆನ್ಸು ಬೈಂದೂರಿನ ಶಿರೂರು ಟೋಲಿನಲ್ಲಿ ಮಳೆನೀರಿಗೆ ಜಾರಿ ಪಲ್ಟಿಯಾಯ್ತು. ಆ ವಿಡಿಯೋ ನೀವೂ ನೋಡಿರ್ತೀರಿ. ನಾಲ್ಕು ಜೀವ ಹೋಯ್ತು. ಆಸ್ಪತ್ರೆ ಬೇಕು ಅಂತ ಜಿಲ್ಲೆಯ ಹುಡುಗರು 2019ರಲ್ಲೇ ಟ್ವಿಟ್ಟರಿನಲ್ಲಿ ಅಭಿಯಾನ ಮಾಡಿದ್ದರು. ಈ ಅಪಘಾತದ ನಂತರ ಮತ್ತೆ ಕೂಗೆದ್ದಿತು. ಮಂತ್ರಿಗಳು ಭರವಸೆ ಕೊಟ್ಟರು. ಕಾರವಾರದಲ್ಲಿ 2013ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಹೌದು. ಆದ್ರೆ ಅದೂ ನಮಗೆ ತೊಂಬತ್ತು ಕಿಲೋಮೀಟರಿನ ಹತ್ತಿರ ಆಗುತ್ತೆ. ತಲೆಗೆ ಪೆಟ್ಟು ಬಿದ್ದವರನ್ನ, ಎದೆನೋವು ಬಂದವರನ್ನ ನಮ್ಮ ಕಡೆಯವರು ಈಗಲೂ ಮಣಿಪಾಲ, ಮಂಗಳೂರು ಅಂತ ಹೊತ್ತುಕೊಂಡು ಓಡ್ತಾರೆ.

ಆ ಅಪಘಾತ ಆದಾಗ ಪರಿಸ್ಥಿತಿ ಹೇಗಿತ್ತು ನೋಡಿ. ಕೇಂದ್ರದಲ್ಲಿ ಬಿಜೆಪಿ. ರಾಜ್ಯದಲ್ಲಿ ಬಿಜೆಪಿ. ನಮ್ಮ ಲೋಕಸಭಾ ಕ್ಷೇತ್ರ 2004ರಿಂದ ಬಿಜೆಪಿಯ ಕೈಲಿ. ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳಲ್ಲಿ ಐದರಲ್ಲಿ ಬಿಜೆಪಿ ಶಾಸಕರು. ಶಿರಸಿಯ ಕಾಗೇರಿಯವರು ವಿಧಾನಸಭೆಯ ಸ್ಪೀಕರ್. ಇದಕ್ಕಿಂತ ಇನ್ನೇನು ಬೇಕಿತ್ತು? ಆಗಲೂ ಆಗದಿದ್ದದ್ದಕ್ಕೆ ಬಲ ಸಾಲದಿದ್ದದ್ದು ಕಾರಣ ಅಲ್ಲ. ಪಟ್ಟಿಯಲ್ಲಿ ಅದು ಮೇಲೆ ಇರಲಿಲ್ಲ, ಅಷ್ಟೇ.

ಪಟ್ಟಿಯ ಮೇಲಿದ್ದದ್ದು ಯಾವುದು? ಅಪ್ಪಯ್ಯನಂಥವರ ಭಯವನ್ನ ನಾನು ಸುಳ್ಳು ಅನ್ನೋದಿಲ್ಲ. 1993ರಲ್ಲಿ ಭಟ್ಕಳ ತಿಂಗಳುಗಟ್ಟಲೆ ಉರಿದಿದ್ದು ನಿಜ. ಬಿಜೆಪಿ ಶಾಸಕರಾಗಿದ್ದ ಡಾ. ಯು. ಚಿತ್ತರಂಜನ್ ಅವರನ್ನ 1996ರ ಏಪ್ರಿಲ್‌ನಲ್ಲಿ ಗುಂಡಿಟ್ಟು ಕೊಂದಿದ್ದೂ ನಿಜ. (ಅವರು ವೃತ್ತಿಯಲ್ಲಿ ವೈದ್ಯರು ಅನ್ನೋದನ್ನ ಈಗ ಯಾರೂ ನೆನಪಿಸಿಕೊಳ್ಳಲ್ಲ.) ಇಂಥದ್ದನ್ನ ಕಂಡ ತಲೆಮಾರಿಗೆ ಸುರಕ್ಷತೆ ದೊಡ್ಡ ವಿಷಯವೇ. ಆದ್ರೆ ಆ ಭಯವನ್ನ ಹೇಗೆ ಬಳಸಿಕೊಂಡರು? 2017ರ ಡಿಸೆಂಬರಿನಲ್ಲಿ ಹೊನ್ನಾವರದ ಕೆರೆಯೊಂದರಲ್ಲಿ ಒಬ್ಬ ಯುವಕನ ಶವ ಸಿಕ್ಕಿತು. ಕೊಲೆ ಅಂತ ಹೊನ್ನಾವರ, ಕುಮಟಾ, ಶಿರಸಿಯಲ್ಲಿ ಬೀದಿಗೆ ಬೆಂಕಿ ಬಿತ್ತು. ಕೆಲವೇ ತಿಂಗಳಲ್ಲಿ ಬಂದ 2018ರ ಚುನಾವಣೆಯಲ್ಲಿ ನಮ್ಮ ಕಡೆ ಎಲ್ಲರ ಬಾಯಲ್ಲೂ ಅದೇ ಮಾತು. 2022ರಲ್ಲಿ ಸಿಬಿಐ ಅದು ಕೊಲೆ ಅಲ್ಲ, ಆಕಸ್ಮಿಕ ಸಾವು ಅಂತ ಕೋರ್ಟಿಗೆ ವರದಿ ಕೊಟ್ಟಿತು. ಅಷ್ಟೊತ್ತಿಗೆ ಕೇಸು ಹಾಕಿಸಿಕೊಂಡ ನಮ್ಮೂರ ಕಡೆಯ ಹುಡುಗರು ಕೋರ್ಟಿಗೆ ಅಲೆದು ಅಲೆದು ಸುಸ್ತಾಗಿದ್ದರು. ಭಾಷಣ ಮಾಡಿದವರು ಅಲೆಯಲಿಲ್ಲ ಬಿಡಿ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಬಗ್‌ಗಳ ಪಟ್ಟಿ ಅಂತ ಇರುತ್ತೆ. ಒಂದೊಂದಕ್ಕೂ ಪ್ರಯಾರಿಟಿ, ಮಾಡೋರ ಹೆಸರು, ಗಡುವು. ಗಡುವು ಇಲ್ಲದ ಐಟಮ್ಮು ಪಟ್ಟಿಯಲ್ಲಿ ಇದ್ದೂ ಇಲ್ಲದ ಹಾಗೆ. ಪ್ರತಿ ಮೀಟಿಂಗಿನಲ್ಲೂ ‘ನೋಡೋಣ’ ಅಂತ ಮುಂದಕ್ಕೆ ಹೋಗ್ತಾ ಇರುತ್ತೆ. ನಮ್ಮ ಆಸ್ಪತ್ರೆಯೂ ಅಂಥದ್ದೇ ಒಂದು ಐಟಮ್ಮು. ಎಲ್ಲರ ಭಾಷಣದಲ್ಲೂ ಇದೆ, ಯಾರ ಹೆಸರಿನ ಮುಂದೆಯೂ ಇಲ್ಲ. 2023ರ ಮೇ 1ರಂದು ಬಂದ ಬಿಜೆಪಿ ಪ್ರಣಾಳಿಕೆಯಲ್ಲಿ ಬಡವರಿಗೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ವರ್ಷಕ್ಕೆ ಮೂರು ಸಿಲಿಂಡರು, ಏಕರೂಪ ನಾಗರಿಕ ಸಂಹಿತೆ ಎಲ್ಲ ಇತ್ತು. ಎರಡು ದಿನ ಬಿಟ್ಟು ಪ್ರಧಾನಿ ಅಂಕೋಲೆಗೆ ಬಂದರು. ಆ ವಾರ ನಮ್ಮೂರಲ್ಲಿ ಚರ್ಚೆ ಆಗಿದ್ದು ಬಜರಂಗ ಬಲಿ. ಹಾಲೂ ಇಲ್ಲ, ಆಸ್ಪತ್ರೆಯೂ ಇಲ್ಲ.

ಇಷ್ಟಕ್ಕೂ ಸಂಪ್ರದಾಯವಾದಿ ಅಂದ್ರೆ ಯಾರು? ಇರೋದನ್ನ ಉಳಿಸಿಕೊಳ್ಳಬೇಕು ಅನ್ನೋನು, ಅಲ್ವಾ? ಹಾಗಿದ್ರೆ ನಮ್ಮಲ್ಲಿ ಉಳಿಸೋದಕ್ಕೆ ಏನು ಕಡಿಮೆ ಇದೆ? ಶರಾವತಿಯ ಆಚೆ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರು ಬೇಡ ಅಂತ ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ. ಅವರೂ ಹಿಂದೂಗಳೇ, ಆ ದಂಡೆ ಅವರ ಅಜ್ಜಂದಿರ ಕಾಲದಿಂದ ಬಂದಿದ್ದು. ಜಿಲ್ಲೆಯ ಮುಕ್ಕಾಲಿಗೂ ಹೆಚ್ಚು ಭಾಗ ಲೆಕ್ಕದಲ್ಲಿ ಕಾಡು. ಅಲ್ಲಿ ಅಡಿಕೆ ತೋಟದ ಅಂಚಿಗೆ ಮನೆ ಕಟ್ಟಿಕೊಂಡವನು, ಬುಡಕಟ್ಟಿನವನಲ್ಲದಿದ್ರೆ, 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ 75 ವರ್ಷದ ದಾಖಲೆ ತೋರಿಸಬೇಕು. ಅಜ್ಜನ ಹತ್ರ ಕಾಗದ ಎಲ್ಲಿಂದ ಬರಬೇಕು? 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡವೇ ಬಂದು ಬಿತ್ತು. ರಸ್ತೆ ಸಣ್ಣ ವಿಷಯವಾ? ದಂಡೆ, ಗುಡ್ಡ, ತೋಟ, ವಯಸ್ಸಾದ ಅಪ್ಪ ಅಮ್ಮ. ಇವನ್ನ ಉಳಿಸ್ತೀನಿ ಅಂತ ಒಬ್ಬ ಅಭ್ಯರ್ಥಿ ಬಂದರೆ ಅವನ ಚಿಹ್ನೆ ಕಮಲವಾದ್ರೂ ನಾನೇ ಮನೆಮನೆಗೆ ಹೋಗಿ ವೋಟು ಕೇಳ್ತೀನಿ.

ಕಾಂಗ್ರೆಸ್ಸಿನವರು ಇದನ್ನ ಓದಿ ಖುಷಿಪಡಬೇಕಾಗಿಲ್ಲ. ಈ ಜಿಲ್ಲೆಯಿಂದ ಮಂತ್ರಿಗಳಾಗಿ ದಶಕಗಟ್ಟಲೆ ಮೆರೆದವರು ಅವರಲ್ಲೂ ಇದ್ದಾರೆ. ಟೊಂಕದ ಜನಕ್ಕೆ ಪೊಲೀಸರ ಮುಖ ಅವರ ಸರ್ಕಾರದಲ್ಲೂ ತಪ್ಪಲಿಲ್ಲ. ಅಪ್ಪಯ್ಯನ ‘ಯಾರು ಬಂದ್ರೂ ಆಗ್ತಿಲ್ಲೆ’ ಅನ್ನೋ ಮಾತು ಹುಟ್ಟಿದ್ದೇ ಹೀಗೆ. ಆದ್ರೆ ಆ ಮಾತೇ ಅಭ್ಯರ್ಥಿಗಳಿಗೆ ಅನುಕೂಲ. ನಾವು ಕೇಳೋದನ್ನ ಬಿಟ್ಟಿದ್ದರಿಂದ ಅವರು ಹೇಳೋದನ್ನೂ ಬಿಟ್ಟರು.

ಕೇಳಿದ್ರೆ ಆಗುತ್ತಾ? ಒಂದು ಲೆಕ್ಕ ಹೇಳ್ತೀನಿ. ನಮ್ಮ ಕುಮಟಾ ಕ್ಷೇತ್ರದಲ್ಲಿ 2018ರಲ್ಲಿ ಬಿಜೆಪಿಯ ದಿನಕರ ಶೆಟ್ಟರು ಗೆದ್ದಿದ್ದು ಮೂವತ್ತೆರಡು ಸಾವಿರಕ್ಕೂ ಹೆಚ್ಚು ಅಂತರದಲ್ಲಿ. 2023ರಲ್ಲಿ ಅವರೇ ಗೆದ್ದರು, ಅಂತರ 676. ಕರ್ಕಿಯ ನಾಲ್ಕು ಕೇರಿ ಮನಸ್ಸು ಮಾಡಿದ್ರೆ ಸಾಕು. ಇಷ್ಟು ತೆಳ್ಳಗಿನ ಅಂತರದಲ್ಲಿ ಗೆಲ್ಲೋ ಕ್ಷೇತ್ರದ ಜನ ಕೈಮುಗಿದು ಬೇಡಬೇಕಾಗಿಲ್ಲ, ಜಗಲಿಯಲ್ಲಿ ಕೂರಿಸಿ ಕೇಳಬಹುದು.

ಮೊನ್ನೆ ಫೋನಿನಲ್ಲಿ ಇದನ್ನೇ ಅಪ್ಪಯ್ಯಂಗೆ ಹೇಳಿದೆ. ವೋಟು ಬದಲಾಯಿಸಿ ಅನ್ನಲಿಲ್ಲ, ಕೇಳಿ ಅಂದೆ ಅಷ್ಟೇ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: “ನನ್ನ ಕೈಲಿ ಬರಿಯಲೆ ಆಗ್ತಿಲ್ಲೆ. ಎಂತೆಂತಾ ಕೇಳವು ಹೇಳಿ ನೀನೇ ಬರ್ದು ಕೊಡು. ಬಂದಾಗ ಓದ್ತೆ.”

ಬರೆದೆ. ಒಂದು, ಆಸ್ಪತ್ರೆ ಎಲ್ಲಿ, ಯಾವ ವರ್ಷ ಬಾಗಿಲು ತೆರೆಯುತ್ತೆ. ಎರಡು, ಅಲ್ಲಿಯವರೆಗೆ ಹೊನ್ನಾವರದಲ್ಲಿ ರಾತ್ರಿ ಹೊತ್ತು ಆಂಬುಲೆನ್ಸು ಎಷ್ಟು ನಿಮಿಷಕ್ಕೆ ಬರುತ್ತೆ. ಮೂರು, ಇವೆರಡಕ್ಕೆ ಉತ್ತರ ಕೊಟ್ಟ ಮೇಲೆ ಬೇಕಾದ್ರೆ ಧರ್ಮದ ವಿಷಯ ಮಾತಾಡೋಣ, ಚಾ ಮಾಡಿಸ್ತೇವೆ :-)

ನಿಮ್ಮೂರಲ್ಲಿ ಮೊದಲನೇ ಪ್ರಶ್ನೆ ಯಾವುದು?