ಮೂರು ಸಂಖ್ಯೆಗಳೊಳಗಿನ ಬ್ರಹ್ಮಾಂಡ

ಮನೆಯ ಗಣಕಯಂತ್ರಕ್ಕೆ ವರುಷಕ್ಕೊಂದು ಹೊಸ ಅಂಗವನ್ನು ಜೋಡಿಸುತ್ತ, ಹೊಸ ಆಟಗಳನ್ನು ತುಂಬುತ್ತ ಹೋಗುವ ಹವ್ಯಾಸಿಗಳಲ್ಲಿ ನಾನೂ ಒಬ್ಬ. ಆದರೂ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ ಆಟ 1984ರ ‘ಎಲೀಟ್’.

ಕೇಂಬ್ರಿಜ್‌ನಲ್ಲಿ ವಿದ್ಯಾರ್ಥಿಗಳಾಗಿದ್ದ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಇದನ್ನು ಬಿಬಿಸಿ ಮೈಕ್ರೋ ಎಂಬ ಗೃಹಗಣಕಕ್ಕಾಗಿ ರಚಿಸಿದರು. ಆ ಯಂತ್ರದ ಸ್ಮರಣಕೋಶ ಕೇವಲ 32 ಕಿಲೋಬೈಟ್. ಆಟದಲ್ಲಾದರೋ 8 ಗೆಲಾಕ್ಸಿಗಳು, ಒಂದೊಂದರಲ್ಲಿ 256 ಲೋಕಗಳು! ಇವುಗಳ ಹೆಸರು, ಆಡಳಿತ, ಸಂಪತ್ತುಗಳನ್ನೆಲ್ಲ ಬರೆದಿಡಲು ಸ್ಥಳವೆಲ್ಲಿ? ಅವರು ಬರೆದಿಡಲೇ ಇಲ್ಲ. 65,536ಕ್ಕಿಂತ ಚಿಕ್ಕವಾದ ಮೂರು ಬೀಜಸಂಖ್ಯೆಗಳನ್ನು ಮಾತ್ರ ಇಟ್ಟರು. ಮೂರನ್ನೂ ಕೂಡಿಸಿ, ಮೊತ್ತವನ್ನು 65,536ರಿಂದ ಭಾಗಿಸಿ ಉಳಿದ ಶೇಷವನ್ನು ಸಾಲಿನ ಕೊನೆಗೆ ಸೇರಿಸಿ, ಮೊದಲನೆಯ ಸಂಖ್ಯೆಯನ್ನು ಬಿಟ್ಟುಬಿಡುವುದು. ಹೀಗೆ ನಾಲ್ಕಾವರ್ತಿ ಮಾಡಿದರೆ ಮುಂದಿನ ಲೋಕದ ಬೀಜಗಳು ಸಿದ್ಧ. ಹೆಸರು, ಆಡಳಿತಗಳೆಲ್ಲ ಈ ಬೀಜಗಳಿಂದಲೇ ಹುಟ್ಟುತ್ತವೆ. ಒಂದೇ ಬೀಜದಿಂದ ಎಂದೆಂದಿಗೂ ಅದೇ ಲೋಕ. ವಾಚಕರು ಕಾಗದ, ಪೆನ್ಸಿಲು ಹಿಡಿದು ಲೆಕ್ಕ ಮಾಡಿ ನೋಡಬಹುದು.

ಇಂದಿನ ಒಂದು ಗಿಗಾಬೈಟಿನಲ್ಲಿ ಅಂಥ 32,768 ಸ್ಮರಣಕೋಶಗಳು ಅಡಗುತ್ತವೆ. ಹೊಸ ಆಟಗಳ ಚಿತ್ರವೈಭವವನ್ನು ನಾನು ಹಳಿಯುವವನಲ್ಲ, ಅವುಗಳಿಗಾಗಿ ನಿದ್ದೆಗೆಟ್ಟವನು. ಆದರೆ ಅವು ಮುಚ್ಚಿದ ಪೆಟ್ಟಿಗೆಗಳು. ಆಡುವವನು ಒಳಗಣ ಲೆಕ್ಕವನ್ನು ಕಾಣಲಾರ. ಬಿಬಿಸಿ ಮೈಕ್ರೋವಿನ ಗುಂಡಿ ಒತ್ತಿದೊಡನೆ ಬೇಸಿಕ್ ಭಾಷೆಯಲ್ಲಿ ಆಜ್ಞೆ ಕೊಡಬಹುದಾಗಿತ್ತು. ಆ ಅನುಕೂಲವನ್ನು ಮಕ್ಕಳಿಗೆ ಮರಳಿ ಕೊಡಲೆಂದೇ 2012ರಲ್ಲಿ ಅದೇ ಕೇಂಬ್ರಿಜ್‌ನಿಂದ ‘ರಾಸ್ಪ್‌ಬೆರಿ ಪೈ’ ಎಂಬ ಅಗ್ಗದ ಗಣಕ ಬಂದಿತು.

ಹೊಸ ಆಟಕ್ಕಾಗಿ ಹಣ ಕೂಡಿಡುತ್ತಿರುವ ವಿದ್ಯಾರ್ಥಿಯು ಮೊದಲು ಆ ಮೂರು ಸಂಖ್ಯೆಗಳ ಕ್ರಮವನ್ನು ಪೈಥಾನ್ ಭಾಷೆಯಲ್ಲಿ ಬರೆದು ನೋಡಲಿ. ಹತ್ತು ಸಾಲು ಸಾಕು. ಕಾಲೇಜಿನ ಹಳೆಯ ಗಣಕದಲ್ಲಿಯೂ ನಡೆದೀತು.