ತಾಯಿ ಹಾಡದ ಜೋಗುಳ

ಜೋಗುಳವೆಂದರೆ ತಾಯಿ ಹಾಡುವುದು ಎಂದೇ ನಮ್ಮೆಲ್ಲರ ತಿಳಿವಳಿಕೆ. ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಮನೆಮಾತಾಗಿರುವ ಒಂದು ಜೋಗುಳವನ್ನು ಮಾತ್ರ ತಾಯಿ ಹಾಡುವಂತಿಲ್ಲ. ಏಕೆಂದರೆ ತಾಯಿ ಮನೆಯಲ್ಲಿಲ್ಲ ಎಂಬುದೇ ಆ ಹಾಡಿನ ಸಮಾಚಾರ!

ಅದರ ಹೆಸರು ‘ಇಲಿ-ಇಲಿ ತುಲೋಗ್ ಅನಾಯ್’. ಇಲಿ ಎಂದೊಡನೆ ನಿಮ್ಮ ಮನೆಯ ಚಿಕ್ಕವರು ನಕ್ಕಾರು. ಇಲ್ಲಿ ಇಲಿಯೂ ಇಲ್ಲ, ಬೆಕ್ಕೂ ಇಲ್ಲ. ನಾವು ‘ಜೋ ಜೋ’ ಎಂದು ತೂಗುವಂತೆ ಅವರು ‘ಇಲಿ-ಇಲಿ’ ಎಂದು ತೂಗುತ್ತಾರೆ. ‘ತುಲೋಗ್’ ಎಂದರೆ ನಿದ್ರೆ. ‘ಅನಾಯ್’ ಎಂಬುದಕ್ಕೆ ‘ಸದ್ಯಕ್ಕೆ’ ಎನ್ನಬಹುದು. ಭಾಷೆ ಹಿಲಿಗೈನೋನ್, ಪನಾಯ್ ದ್ವೀಪದ ಇಲೋಇಲೋ ಸೀಮೆಯಲ್ಲಿಯೂ ನೆರೆಯ ನೆಗ್ರೋಸ್ ದ್ವೀಪದ ಪಶ್ಚಿಮ ಭಾಗದಲ್ಲಿಯೂ ಆಡುವ ನುಡಿ. ಜನಪದದ ಸೊತ್ತಾದ್ದರಿಂದ ಕವಿಯ ಅಂಕಿತವಿಲ್ಲ.

ಇರುವುದು ನಾಲ್ಕೇ ಸಾಲು. ಅದರಲ್ಲಿಯೂ ಮೊದಲನೆಯದೇ ಕೊನೆಗೆ ಮತ್ತೆ ಬರುತ್ತದೆ. ಕಥೆಯೆಲ್ಲ ನಡುವಿನ ಎರಡು ಸಾಲುಗಳಲ್ಲಿ ಮುಗಿಯಿತು: ಅಮ್ಮ ಇಲ್ಲಿಲ್ಲ, ಬ್ರೆಡ್ಡು ಕೊಳ್ಳಲು ಅಂಗಡಿಗೆ ಹೋಗಿದ್ದಾಳೆ ಎಂಬಷ್ಟು. ನಮ್ಮ ಜೋಗುಳಗಳಲ್ಲಿ ಬಹುಮಟ್ಟಿಗೆ ಮಗುವೇ ದೊರೆ. ಅದಕ್ಕೆ ಚಿನ್ನದ ತೊಟ್ಟಿಲು, ಬೆಳ್ಳಿಯ ಸರಪಳಿ. ಸೋದರಮಾವನಂತೂ ಬಂದೇ ಬರಬೇಕು. ಇಲ್ಲಿ ಮಗುವಿನ ವರ್ಣನೆಯೂ ಇಲ್ಲ, ತೊಟ್ಟಿಲಿನ ವೈಭವವೂ ಇಲ್ಲ. ಆ ಕಡೆ ತೊಟ್ಟಿಲೆಂದರೂ ಹಗ್ಗಕ್ಕೆ ಬಟ್ಟೆ ಕಟ್ಟಿದ ‘ದುಯಾನ್’, ನಮ್ಮ ಜೋಲಿಯ ಅಕ್ಕತಂಗಿ.

ಬ್ರೆಡ್ಡೇ ಏಕೆ ಎಂದು ಕೇಳಬಹುದು. ಅದು ನಮ್ಮಂತೆಯೇ ಅನ್ನ ಉಣ್ಣುವ ನಾಡು. ಗೋಧಿ ಅಲ್ಲಿಯ ಬೆಳೆಯಲ್ಲ. ಪೋರ್ತುಗೀಸರೊಡನೆ ನಮ್ಮ ಮುಂಬಯಿಗೆ ಪಾವು ಬಂದಂತೆ ಅಲ್ಲಿಗೆ ಬ್ರೆಡ್ಡು ಬಂದದ್ದು ಸ್ಪೇನಿನವರೊಡನೆ. ಹಾಡಿನಲ್ಲಿ ಅಂಗಡಿಗೆ ಬಳಸಿದ ‘ತಿಯೆಂದಾ’ ಎಂಬ ಮಾತು ಕೂಡ ಸ್ಪೇನಿನದೇ. ಅಕ್ಕಿ ಮನೆಯಲ್ಲಿದ್ದೀತು, ಬ್ರೆಡ್ಡನ್ನು ಕೊಂಡೇ ತರಬೇಕು. ಆದ್ದರಿಂದ ತಾಯಿ ಹೋದದ್ದು ಮಗುವನ್ನು ಬಿಟ್ಟಲ್ಲ, ಮಗುವಿಗಾಗಿ. ಹಾಡಿನಲ್ಲಿ ಪ್ರೀತಿ ಎಂಬ ಮಾತೇ ಬಾರದೆ ಪ್ರೀತಿ ಇರುವುದು ಈ ಅಂಗಡಿಯ ದಾರಿಯಲ್ಲಿ ಎಂದು ನನಗೆ ತೋರುತ್ತದೆ.

ಹಾಗಾದರೆ ತೂಗುತ್ತಿರುವವರು ಯಾರು? ಹಾಡು ಹೇಳುವುದಿಲ್ಲ. ಅಜ್ಜಿಯಿರಬಹುದು (ಅಲ್ಲಿ ಆಕೆ ‘ಲೋಲಾ’), ಅಕ್ಕನಿರಬಹುದು. ತನ್ನದಲ್ಲದ ಮಗುವನ್ನು ಜೋಲಿಯಲ್ಲಿಟ್ಟುಕೊಂಡು ತಾಯಿಯ ಪರವಾಗಿ ಸಮಾಧಾನ ಹೇಳುವುದು ಸುಲಭದ ಕೆಲಸವಲ್ಲ, ಮಾಡಿದವರೇ ಬಲ್ಲರು.

ಇದೇ ದ್ವೀಪಗಳಲ್ಲಿ ‘ಸಾ ಉಗೋಯ್ ನಂಗ್ ದುಯಾನ್’ ಎಂಬ ಇನ್ನೊಂದು ಪ್ರಸಿದ್ಧ ಹಾಡಿದೆ. ಅದು ಜನಪದವಲ್ಲ. ರಾಗ ಲೂಸಿಯೋ ಸಾನ್ ಪೆದ್ರೋ ಅವರದು, ಮಾತು ಲೇವಿ ಸೆಲೇರಿಯೋ ಅವರದು. (ಸೆಲೇರಿಯೋ ಮರದ ಎಲೆಯನ್ನು ತುಟಿಗಿಟ್ಟು ಸಂಗೀತ ನುಡಿಸುತ್ತಿದ್ದರು!) ಬೆಳೆದು ದೊಡ್ಡವನಾದ ಮಗ ತಾಯಿಯ ತೊಟ್ಟಿಲನ್ನು ನೆನೆದು ಹಂಬಲಿಸುವ ಹಾಡದು. ಸೊಗಸಾಗಿದೆ, ಸಂದೇಹವಿಲ್ಲ. ಆದರೂ ನನ್ನ ಓಟು ನಾಲ್ಕು ಸಾಲಿನ ಬಡ ಜೋಗುಳಕ್ಕೇ.

ಅದಕ್ಕೆ ಇನ್ನೊಂದು ಕಾರಣವುಂಟು. 1974ರ ಕಾರ್ಮಿಕ ಸಂಹಿತೆಯಿಂದೀಚೆಗೆ ಆ ದೇಶದ ಸರಕಾರವೇ ಜನರನ್ನು ಹೊರದೇಶದ ಕೆಲಸಗಳಿಗೆ ಕಳುಹಿಸುವ ಏರ್ಪಾಡು ಮಾಡಿತು. 2023ರ ಸರಕಾರಿ ಸಮೀಕ್ಷೆಯಂತೆ ಹಾಗೆ ದುಡಿಯಲು ಹೋದವರು ಸುಮಾರು 21 ಲಕ್ಷ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಹಾಂಗ್‌ಕಾಂಗಿನಲ್ಲಿ, ಸಿಂಗಪುರದಲ್ಲಿ, ಅರಬರ ನಾಡಿನಲ್ಲಿ ಎಷ್ಟೋ ಜನ ಪರರ ಮಕ್ಕಳನ್ನು ತೂಗುತ್ತಾರೆ. ಅವರ ಮಕ್ಕಳನ್ನು ಊರಿನಲ್ಲಿ ಲೋಲಾ ತೂಗುತ್ತಾಳೆ. ಹಳೆಯ ಹಾಡಿನ ಅಂಗಡಿ ಬೀದಿಯ ತುದಿಯಲ್ಲಿತ್ತು, ಈಗ ಸಮುದ್ರದಾಚೆ ಹೋಗಿದೆ. ಕೈಫೋನಿನಲ್ಲಿ ಮುಖವೇನೋ ಕಾಣುತ್ತದೆ, ಜೋಲಿಯ ಹಗ್ಗ ಕೈಗೆ ಸಿಗದು. ತಾಯಿ ಮರಳಿ ಬಂದಳೆಂದು ಹಾಡಿನಲ್ಲಿ ಎಲ್ಲಿಯೂ ಇಲ್ಲ. ಕೊನೆಯ ಸಾಲು ಮೊದಲಿನದೇ ಆದ್ದರಿಂದ ಮಗು ಕಣ್ಣು ಮುಚ್ಚುವವರೆಗೆ ಎಷ್ಟು ಸಲವಾದರೂ ಸುತ್ತಿ ಹಾಡಬಹುದು.

ನಮ್ಮ ಸಂಘದ ಮನೆಗಳಲ್ಲಿಯೂ ಮಗಳೋ ಸೊಸೆಯೋ ಆಫೀಸಿಗೆ ಹೋದಾಗ ಮೊಮ್ಮಗುವನ್ನು ನೋಡಿಕೊಳ್ಳಲೆಂದು ಊರಿನಿಂದ ಬಂದು ನಿಂತ ಅಜ್ಜಿಯರಿದ್ದಾರೆ. ‘ಅಮ್ಮ ಎಲ್ಲಿ?’ ಎಂದು ಮಗು ಅತ್ತಾಗ ಅವರು ಹಾಡುವುದೇನು? ಧಾರವಾಡದ ಕಡೆಯದಾಗಲಿ, ಮಲೆನಾಡಿನದಾಗಲಿ, ತಾಯಿಯ ಬದಲಿಗೆ ಬೇರೆಯವರು ಹಾಡುವ ಜೋಗುಳ ನಿಮಗೆ ಗೊತ್ತಿದ್ದರೆ ದಯವಿಟ್ಟು ಬರೆದು ಕಳುಹಿಸಿರಿ. ಮುಂದಿನ ಸಂಚಿಕೆಯ ಈ ಪುಟವನ್ನು ಅದಕ್ಕೇ ಮೀಸಲಿಡೋಣ.